ಕೆಮ್ಮಣ್ಣಿನಲ್ಲಿ ಉಜ್ಜಿದ ಗಾಜು

ನನ್ನ ಪಿಎಚ್.ಡಿ. ಕೆಲಸವನ್ನು ಯಾರಿಗಾದರೂ ವಿವರಿಸುವುದು ಕಷ್ಟ. ಪಾಲಿಮರ್ ಎಂದರೆ ನಾವು ಲ್ಯಾಬಿನಲ್ಲಿ ಕಟ್ಟಿದ ಅಣುಗಳ ಉದ್ದನೆಯ ಸರಪಳಿ. ಅದನ್ನು ತೀರ ತೆಳುವಾದ ದ್ರಾವಣದಲ್ಲಿ ಬಿಟ್ಟರೆ, ಪಕ್ಕದ ಸರಪಳಿಗೆ ಅಂಟಿಕೊಳ್ಳದೆ, ತನ್ನೊಳಗೇ ಮಡಚಿಕೊಂಡು ನ್ಯಾನೊ ಕಣವಾಗಬೇಕು. ಗಟ್ಟಿ ಬಂಧ ಹಾಕುವಂತಿಲ್ಲ. ಸರಪಳಿಯ ತೋಳುಗಳೇ ಒಂದನ್ನೊಂದು ಸಡಿಲವಾಗಿ ಹಿಡಿದುಕೊಳ್ಳಬೇಕು. ಸಂಡೂರಿನ ಹತ್ತಿರದ ಯಶವಂತನಗರದ ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ, "ಮಡಚಾಕ ಇಷ್ಟ್ ವರ್ಷ ಬೇಕೇನ? ದಿನಾ ಒಂದ್ ರಾಶಿ ಅರಿಬಿ ಮಡಚತೀನಿ ನಾನು" ಎಂದಿದ್ದಳು.

ಎರಡು ವರ್ಷ ಅದು ಮಡಚಿಕೊಳ್ಳಲಿಲ್ಲ. ಮೂರನೆಯ ಬೇಸಿಗೆಯಲ್ಲಿ ಒಂದು ದಿನ ಕಣದ ಅಳತೆ ಸರ್ರನೆ ಇಳಿಯಿತು, ಅಂದರೆ ಸರಪಳಿ ಮಡಚಿಕೊಂಡಿತ್ತು. ಮತ್ತೆ ಮಾಡಿದೆ, ಮತ್ತೆ ಇಳಿಯಿತು. ನನ್ನ ಗೈಡ್ ಸರ್ ಅಪರೂಪಕ್ಕೆ ಬೆನ್ನು ತಟ್ಟಿದರು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಲ್ಯಾಬಿನ ಗಾಜಿನ ಸಾಮಾನು ತೊಳೆಯುತ್ತಿದ್ದವಳು ಸಂಡೂರಿನ ಒಬ್ಬ ಅಕ್ಕ. ಗುತ್ತಿಗೆ ಕೆಲಸ, ಪ್ರತಿ ವರ್ಷ ಸರ್ ಸಹಿ ಹಾಕಿದರೆ ಮಾತ್ರ ಮುಂದುವರಿಯುತ್ತಿತ್ತು. ಆ ಬೇಸಿಗೆಯಲ್ಲಿ ಸೋಪಿನ ಪುಡಿ ಮುಗಿದು, ಹೊಸದು ಬರುವುದು ತಡವಾಗಿತ್ತು. ಅಕ್ಕ ಗುಡ್ಡದ ನುಣ್ಣನೆಯ ಕೆಮ್ಮಣ್ಣನ್ನು ತೆಂಗಿನ ಚಿಪ್ಪಿನಲ್ಲಿ ತಂದು ಫ್ಲಾಸ್ಕುಗಳನ್ನು ಉಜ್ಜುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ನಮ್ಮ ಅವ್ವ ದೇವರ ಸಾಮಾನು ಬೆಳಗುವುದೂ ಅದರಲ್ಲೇ. "ಮಸ್ತ್ ಬೆಳಗಿಯಲ್ಲಕ್ಕ" ಎಂದೂ ಹೇಳಿದ್ದೆ. ಆ ಮಣ್ಣಿನ ತುಂಬ ಕಬ್ಬಿಣ ಎಂದು ಇಲ್ಲಿ ಅದಿರು ಸಾಗಿಸುವ ಲಾರಿಯ ಕ್ಲೀನರಿಗೂ ಗೊತ್ತು. ರಸಾಯನಶಾಸ್ತ್ರ ಓದಿದ ನನ್ನ ತಲೆಗೆ ಮಾತ್ರ ಅದು ಹೋಗಲಿಲ್ಲ.

ಸೋಪಿನ ಪುಡಿ ಬಂದ ಮೇಲೆ ಸರಪಳಿ ಮತ್ತೆ ಮಡಚಿಕೊಳ್ಳಲಿಲ್ಲ. ಹದಿನೈದು ದಿನ ಒದ್ದಾಡಿದೆ. ಕೊನೆಗೆ ಆ ಕೆಮ್ಮಣ್ಣು ನೆನಪಾಗಿ, ತೆಗೆದಿಟ್ಟಿದ್ದ ಹಳೆಯ ದ್ರಾವಣಕ್ಕೆ ಕಬ್ಬಿಣ ಪತ್ತೆ ಮಾಡುವ ರಾಸಾಯನಿಕ ಹನಿಸಿದೆ. ಕೆಂಪಾಯಿತು. ಗಾಜಿನ ಗೀರುಗಳಲ್ಲಿ ಕೂತ ಮಣ್ಣಿನಿಂದ ಕಬ್ಬಿಣ ಇಳಿದು, ಸರಪಳಿಯ ತೋಳುಗಳನ್ನು ಹಿಡಿದು ಮಡಚಿತ್ತು. ನನ್ನ ವಿನ್ಯಾಸ ಏನೂ ಮಾಡಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ.

ಸರ್‌ಗೆ ಹೇಳಿದೆ. ಅಷ್ಟರ ಮಟ್ಟಿಗೆ ಪ್ರಾಮಾಣಿಕಳು ನಾನು. ಅವರು ಅಷ್ಟು ಹೊತ್ತಿಗೆ ಈ ಫಲಿತಾಂಶವನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಬಂದಿದ್ದರು. ಮುಖ ಗಂಟಿಕ್ಕಿ ಅಕ್ಕನನ್ನು ಕರೆಸಿದರು.

"ಮಣ್ಣಲ್ಲಿ ತೊಳಿ ಅಂತ ನಿನಗೆ ಹೇಳಿದವರು ಯಾರು?"

"ಯಾರೂ ಹೇಳಿಲ್ಲರಿ ಸರ್. ಪುಡಿ ಇದ್ದಿದ್ದಿಲ್ಲ, ನಾನ ತೊಳದೆ. ಮೇಡಮ್ಮೋರು ನೋಡ್ಯಾರ್ರಿ. ತಪ್ಪಿದ್ರ ಅವ್ರು ಬ್ಯಾಡ ಅಂತಿದ್ರು ಅಂದ್ಕೊಂಡೆ."

ಸರ್ ನನ್ನ ಕಡೆ ತಿರುಗಿದರು. ಕಣ್ಣೆದುರೇ ನಡೆದದ್ದನ್ನು ಗಮನಿಸದವಳಿಗೆ ಇವರು ಪದವಿ ಕೊಡಿಸುತ್ತಾರೆಯೇ ಎಂದು ಭಯವಾಯಿತು.

"ನಾನು ನೋಡಿಲ್ಲ ಸರ್" ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಸರ್ ಕಡೆ ತಿರುಗಿ, "ಹಂಗಾರ ನಾನ ಏನೋ ತಪ್ಪ್ ತಿಳ್ಕಂಡೀನಿ ಬಿಡ್ರಿ. ಅವ್ರಿಗೇನೂ ಅನಬ್ಯಾಡ್ರಿ" ಎಂದಳು.

ಆ ವರ್ಷ ಸರ್ ಅವಳ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಲಿಲ್ಲ.