ಚಿಕ್ಕಮ್ಮನ ಉಂಗುರ, ಇಂಗ್ಲಿಷಿನವರ ಉಂಗುರ

ಕಳೆದ ವರ್ಷ ಶ್ರಾವಣದ ಒಂದು ಮಂಗಳವಾರ, ಬೆಳಗ್ಗೆ ಹತ್ತೂವರೆಗೆ, ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ನನ್ನ ಚಿಕ್ಕಮ್ಮ ಕಿವಿಯ ಚಿನ್ನದ ಓಲೆ ಬಿಚ್ಚಿಕೊಟ್ಟು ಒಂದು ಹಿತ್ತಾಳೆ ಉಂಗುರ ಪಡೆದರು.

ಮೇಲೂರಿನ ಬಸ್ಸಿಗೆ ಕಾಯುತ್ತಿದ್ದಾಗ ಅವರ ಕಾಲ ಬಳಿಯೇ ಒಬ್ಬ ಹೆಂಗಸು ಬಗ್ಗಿ ಉಂಗುರ ಎತ್ತಿಕೊಂಡಳು. ಇಬ್ಬರೂ ನೋಡಿದ್ದೀವಿ, ಇಬ್ಬರಿಗೂ ಪಾಲು ಎಂದಳು. ಉಂಗುರವನ್ನು ಮುರಿಯಲಾಗದು, ಹಾಗಾಗಿ ಉಂಗುರ ಚಿಕ್ಕಮ್ಮನಿಗೆ, ಓಲೆ ಅವಳಿಗೆ.

ಚಿಕ್ಕಮ್ಮ ಸುಮ್ಮನೆ ಒಪ್ಪಿರಲಿಲ್ಲ. ಅಂಗೈಯಲ್ಲಿ ಮೂರು ಸಲ ಎಗರಿಸಿ ನೋಡಿದ್ದರು. ಅವರದು ರೇಷ್ಮೆ ನೂಲು ತೆಗೆಯುವ ಮನೆ. ಮಾರುಕಟ್ಟೆಯಲ್ಲಿ ಒಂದು ಹಿಡಿ ಗೂಡನ್ನು ಹೀಗೆ ಎಗರಿಸಿದರೆ ಎಷ್ಟು ನೂಲು ಬರುತ್ತದೆಂದು ಅವರ ಕೈ ಹೇಳುತ್ತದೆ. ಅವತ್ತೂ ಕೈ ಹೇಳಿತು: ಚಿನ್ನ. ಮಧ್ಯಾಹ್ನ ಅಕ್ಕಸಾಲಿಗನ ಒರೆಗಲ್ಲು ಬೇರೆಯೇ ಹೇಳಿತು: ಹಿತ್ತಾಳೆ.

ಸಂಜೆ ಅವರು ಚಿಕ್ಕಬಳ್ಳಾಪುರದ ನಮ್ಮ ಪತ್ರಿಕಾ ಕಚೇರಿಗೆ ಬಂದರು.

"ಪೇಪರ್‌ಗೆ ಗೀಪರ್‌ಗೆ ಹಾಕ್ಬಿಟ್ಟೀಯ, ಹುಷಾರು. ಸೊಸೆಗೆ ಗೊತ್ತಾದ್ರೆ ನನ್ನ ಕತೆ ಮುಗೀತು ಕಣಪ್ಪ."

ಸೊಸೆ ಎರಡು ವರ್ಷದಿಂದ ಗೂಡು ನಾನೇ ತರ್ತೀನಿ ಎನ್ನುತ್ತಿದ್ದಳು. ಚಿಕ್ಕಮ್ಮನದು ಒಂದೇ ಉತ್ತರ: "ನೀನಾ? ನಿನಗೆ ಹಾಲು ಕುಡಿಯೋ ಮಗೂನೂ ಟೋಪಿ ಹಾಕುತ್ತೆ." ಈಗ ಓಲೆಯ ತಿರುಪು ಸವೆದಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದು ಮನೆಯಲ್ಲಿ ಹೇಳಿದ್ದರು.

ಅವರನ್ನು ಸಮಾಧಾನಪಡಿಸಲು ನನ್ನ ಬಳಿ ಇದ್ದದ್ದು ಒಂದು ನೋಟ್‌ಬುಕ್. ಇಂಗ್ಲಿಷಿನ ಮೋಸದ ಮಾತುಗಳನ್ನು, ಅವುಗಳ ಮೂಲವನ್ನು ಅದರಲ್ಲಿ ಬರೆದಿಡುತ್ತೇನೆ. ನಕಲಿಗೆ ಇಂಗ್ಲಿಷಿನವರು ಫೋನಿ ಎನ್ನುತ್ತಾರೆ. ಐರಿಷ್ ಭಾಷೆಯಲ್ಲಿ ಉಂಗುರಕ್ಕಿರುವ ಪದದಿಂದ ಅದು ಬಂದಿರಬೇಕೆಂದು ನಿಘಂಟುಗಳ ಅಂದಾಜು. ಹಿತ್ತಾಳೆಗೆ ಚಿನ್ನದ ನೀರು ಕೊಟ್ಟು, ದಾರಿಯಲ್ಲಿ ಸಿಕ್ಕಿತೆಂದು ನಂಬಿಸಿ ಮಾರುವ ಠಕ್ಕರು ಅಲ್ಲೂ ಇದ್ದರು.

"ಬಸ್ ಸ್ಟ್ಯಾಂಡಲ್ಲಾ?"

"ಆಗ ಬಸ್ ಇರ್ಲಿಲ್ಲ ಚಿಕ್ಕಮ್ಮ. ಬೀದೀಲಿ."

ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಇನ್ನೇನೈತೆ ಓದು."

ಹುಡ್‌ವಿಂಕ್ ಎಂದರೆ ಮುಸುಕು ಎಳೆದು ಕಣ್ಣು ಮುಚ್ಚಿಸುವುದು. "ನಾವು ತಲೆಗೆ ಹಾಕ್ತೀವಿ, ಅವರು ಕಣ್ಣಿಗೂ ಎಳೀತಾರೆ" ಎಂದರು. ಥಗ್ ಎಂಬ ಪದ ಹಿಂದಿಯಿಂದ ಹೋದದ್ದು, ನಮ್ಮ ಠಕ್ಕನ ನೆಂಟ ಎಂದೆ.

"ಅಂದ್ರೆ ಕಳ್ಳನ್ನ ನಾವು ಕಳಿಸಿದ್ವಿ, ಉಂಗುರ ಅವರು ಕಳಿಸಿದ್ರು. ಲೆವೆಲ್ ಆಯ್ತು ಬಿಡು."

ಮೋಸ ಹೋದವನಿಗೆ ಡ್ಯೂಪ್ ಎಂದು ಹೆಸರು. ಫ್ರೆಂಚರು ದಡ್ಡ ಎಂದುಕೊಂಡಿದ್ದ ಚಂದ್ರಮುಕುಟ ಹಕ್ಕಿಯ ಹೆಸರಿನಿಂದ ಬಂದದ್ದು. ಇದಕ್ಕೆ ಮಾತ್ರ ಅವರು ಒಪ್ಪಲಿಲ್ಲ. "ತಲೆ ಮೇಲೆ ಬೀಸಣಿಗೆ ಬಿಚ್ಚುತ್ತಲ್ಲ, ಅದಾ? ಹಿಪ್ಪುನೇರಳೆ ತೋಟದಲ್ಲಿ ಮಣ್ಣೊಳಗಿನ ಹುಳಾನೇ ಹುಡುಕಿ ತೆಗೆಯುತ್ತೆ. ಅದು ದಡ್ಡ ಅಂದೋನೇ ದಡ್ಡ."

ನಂತರ ನನ್ನ ಕೆಲಸದ ವಿಷಯ ಎತ್ತಿದೆ. ಆ ಹೆಂಗಸು ನಾಳೆ ಇನ್ನೊಬ್ಬರ ಕಾಲ ಬಳಿ ಬಗ್ಗುತ್ತಾಳೆ. ಹೆಸರಿಲ್ಲದೆ ಸುದ್ದಿ ಮಾಡುತ್ತೇನೆ ಎಂದೆ. ಚಿಕ್ಕಮ್ಮ ಬರಿಗಿವಿ ಮುಟ್ಟಿಕೊಂಡರು.

"ಹೆಸರು ಯಾಕಪ್ಪ ಬೇಕು? ಓದಿದ್ ತಕ್ಷಣ ಸೊಸೆ ನನ್ನ ಕಿವಿ ನೋಡ್ತಾಳೆ." ಕುರ್ಚಿಯಿಂದ ಎದ್ದರು. "ನಡಿ, ಮೊದ್ಲು ನಾನೇ ಹೇಳ್ತೀನಿ. ನೀನೂ ಬಾ, ಆ ಇಂಗ್ಲಿಷಿನವರ ಕತೆ ಹೇಳೋಕೆ."

ಮನೆಯಲ್ಲಿ ಸೊಸೆ ಮುದ್ದೆ ಕಟ್ಟುತ್ತಿದ್ದಳು. ಚಿಕ್ಕಮ್ಮ ಒಂದೇ ಉಸಿರಿಗೆ ಹೇಳಿ ಮುಗಿಸಿ ಉಂಗುರವನ್ನು ನೆಲದ ಮೇಲಿಟ್ಟರು. ಸೊಸೆ ನಗಲಿಲ್ಲ. ಕೈ ತೊಳೆದು ಒಳಗೆ ಹೋಗಿ, ಹುರುಳಿ ಡಬ್ಬದ ತಳದಿಂದ ಏನನ್ನೋ ತೆಗೆದು ತಂದು ಅದರ ಪಕ್ಕದಲ್ಲಿಟ್ಟಳು. ಅಂಥದ್ದೇ ಉಂಗುರ.

"ಗೌರಿಬಿದನೂರು ಬಸ್ ಸ್ಟ್ಯಾಂಡು, ಅತ್ತೆ. ಹೋದ ಯುಗಾದಿಗೆ. ಬೆಳ್ಳಿ ಕಾಲ್ಚೈನು ಕಳೆದುಹೋಯ್ತು ಅಂದಿದ್ನಲ್ಲ."

ಚಿಕ್ಕಮ್ಮ ಎರಡನ್ನೂ ಒಂದೊಂದು ಅಂಗೈಯಲ್ಲಿ ಎಗರಿಸಿದರು.

"ನಿಂದು ಹಗುರ ಕಣೇ. ಇದಕ್ಕೆ ಹೋಗಿ ಕಾಲ್ಚೈನು ಕೊಟ್ಯಾ?"

"ನೀವು ಓಲೆ ಕೊಟ್ಟಿದ್ದೀರಿ, ಅತ್ತೆ."

ಗುರುವಾರದ ಪತ್ರಿಕೆಯಲ್ಲಿ ಸುದ್ದಿ ಬಂತು. ಗೂಡಿನ ಮಾರುಕಟ್ಟೆಗೆ ಈಗ ಅತ್ತೆ ಸೊಸೆ ಇಬ್ಬರೂ ಹೋಗುತ್ತಾರೆ. ಇಬ್ಬರ ಕೈಯೂ ಒಪ್ಪಿದರೆ ಮಾತ್ರ ಗೂಡು ಮನೆಗೆ ಬರುತ್ತದೆ. ಓಲೆ, ಕಾಲ್ಚೈನು ಎರಡೂ ಇಂದಿನವರೆಗೆ ಸಿಕ್ಕಿಲ್ಲ.