ಗದ್ದದಲ್ಲಿ ನಿಂತ ಬೆರಳು

ಬಾಳೂರಿನ ಆ ಎಸ್ಟೇಟಿಗೆ ನಾನು ಹೋಗಿದ್ದು ಮಣ್ಣಿನ ಸ್ಯಾಂಪಲ್ ತೆಗೆಯಲು. ಬೆಳಗಿನಿಂದ ಸಾಹುಕಾರರು ಒಂದೊಂದೇ ಕಾಫಿ ಗಿಡದ ಎಲೆ ಸವರುತ್ತಾ, "ಗಿಡ ಸ್ಟ್ರೆಸ್ಸಲ್ಲಿದೆ ಮೇಡಂ, ಪಾಪ. ಸರಿಯಾಗಿ ನೋಡಿ" ಎನ್ನುತ್ತಲೇ ಇದ್ದರು.

ಹೊರಡುವಾಗ ಅವರ ಹೆಂಡತಿ ಅರಿಶಿನ ಕುಂಕುಮಕ್ಕೆ ಕರೆದರು. ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದ ಬೆರಳು ಗದ್ದದ ಹತ್ತಿರ ಗಕ್ಕನೆ ನಿಂತಿತು.

"ಇದೇನೇ ಮಾರಾಯ್ತಿ, ಚುಚ್ತದಲ್ಲ!"

ಬೆಳಿಗ್ಗೆ ಬ್ಲೇಡಿನಲ್ಲಿ ತೆಗೆದಿದ್ದ ಕೂದಲು ಆಗಲೇ ಮೊಳೆತಿತ್ತು. ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಪಿಸಿಓಎಸ್ ಅಕ್ಕ. ಮುಟ್ಟು ಸರಿಯಾಗಿ ಬರಲ್ಲ, ಮುಖದಲ್ಲಿ ಕೂದಲು ಬರ್ತದೆ, ಕೂತಲ್ಲೇ ಅಳು ಬರ್ತದೆ. ಹಾರ್ಮೋನಿಗೊಬ್ರು, ಮನಸ್ಸಿಗೊಬ್ರು, ಇಬ್ರು ಡಾಕ್ಟ್ರು ನೋಡ್ತಿದ್ದಾರೆ" ಎಂದೆ.

"ಅಷ್ಟೆಲ್ಲ ತಲೆಗೆ ಹಚ್ಕೊಂಡ್ರೆ ಇನ್ನೇನಾಗ್ತದೆ? ತೂಕ ಇಳ್ಸು, ಖುಷಿಯಾಗಿರು."

ಜಗಲಿಯಿಂದ ಸಾಹುಕಾರರ ದನಿಯೂ ಬಂತು. "ಒಂದು ಮದ್ವೆ ಆದ್ರೆ ಎಲ್ಲ ಸರಿ ಹೋಗ್ತದೆ ಬಿಡಿ."

ಮೈಯೆಲ್ಲ ಉರಿಯಿತು. ಇವರು ಗಿಡಕ್ಕೆ ಒಂದು ದಿನವಾದರೂ ಖುಷಿಯಾಗಿರು ಎಂದು ಬುದ್ಧಿ ಹೇಳಿದ್ದಾರೆಯೇ? ಗಿಡ ಸೊರಗಿದರೆ ಬುಡ ಅಗೆಸಿ, ಮಣ್ಣನ್ನು ಲ್ಯಾಬಿಗೆ ಕಳಿಸಿ ಕಾರಣ ಹುಡುಕುತ್ತಾರೆ. ನಾನು ಸೊರಗಿದರೆ ಮಾತ್ರ ತಪ್ಪು ನನ್ನದೇ. ತೂಕ ಇಳಿಸಲು ನಾನು ಪಟ್ಟ ಪಾಡು ಇವರಿಗೇನು ಗೊತ್ತು?

"ಇಷ್ಟು ಹೊತ್ತು ಖುಷಿಯಾಗೇ ಇದ್ದೆ ಅಕ್ಕ" ಎಂದು ಹೇಳಿ, ಮಣ್ಣಿನ ಚೀಲ ಎತ್ತಿಕೊಂಡು ಜೀಪು ಹತ್ತಿದೆ.

ವಾರ ಕಳೆದ ಮೇಲೆ ಸಾಹುಕಾರರ ಫೋನು ಬಂತು. "ಮೇಡಂ, ನಮ್ಮ ಗಿಡಕ್ಕೆ ಏನು ಮಾಡ್ಬೇಕು?" ದನಿಯಲ್ಲಿ ಎಷ್ಟು ಕಳಕಳಿ!

ಒಂದು ಮದುವೆ ಮಾಡಿಸಿ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಕೆಲಸ ಉಳಿಯಬೇಕಲ್ಲ, ಮಣ್ಣಲ್ಲಿ ಹುಳಿ ಜಾಸ್ತಿಯಾಗಿದೆ, ಸುಣ್ಣ ಹಾಕಿಸಿ ಎಂದೆ.