ಆರನೇ ಮಹಡಿಯ ಲೋಬುಚೆ

ನನ್ನ ಡೈರಿಯಲ್ಲಿ ನಾಲ್ಕು ದಿನಗಳ ಬರಹ ನನಗೇ ಅರ್ಥವಾಗುವುದಿಲ್ಲ. ಕೈಬರಹ ನನ್ನದೇ. ಎಡಕ್ಕೆ ಅಂಚು ಬಿಟ್ಟು, ಸಮಯ ಬರೆದು, ಕೆಳಗೊಂದು ಗೆರೆ ಎಳೆಯುವ ಪದ್ಧತಿಯೂ ನನ್ನದೇ. ಮೂವತ್ತನಾಲ್ಕು ವರ್ಷ ವಸತಿ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟರಾಗಿದ್ದವನು ನಾನು. ಐದಕ್ಕೆ ಸೀಟಿ, ಐದೂಕಾಲಿಗೆ ಮೈದಾನ. ಒಂದು ದಿನವೂ ತಪ್ಪಿದ್ದಿಲ್ಲ. ಅಂಥವನ ಡೈರಿಯಲ್ಲಿ ಹೀಗಿದೆ: 'ಬೆಳಿಗ್ಗೆ 6. ಯಾಕ್ ಹಿಂಡು ದಾಟಿಹೋಗಲಿ ಎಂದು ಲಿಫ್ಟಿನ ಬಳಿ ಕಾದೆ.' ಡಬ್ಲಿನ್ನಿನ ಅಪಾರ್ಟ್‌ಮೆಂಟಿಗೆ ಹಿಮಾಲಯದ ಯಾಕ್ ಹಿಂಡು ಎಲ್ಲಿಂದ ಬಂತು?

ಮೊದಲಿನಿಂದ ಕ್ರಮವಾಗಿ ಬರೆಯುತ್ತೇನೆ. ಕ್ರಮ ಎಲ್ಲಿ ತಪ್ಪಿತು ಎನ್ನುವುದು ಆಗಲಾದರೂ ತಿಳಿಯಬಹುದು.

ನಮ್ಮ ಮಗಳು ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಅವಳ ಮನೆ, ಆರನೇ ಮಹಡಿ. ಮೂರು ತಿಂಗಳು ಇದ್ದು ಹೋಗೋಣವೆಂದು ನಾನೂ ನನ್ನ ಹೆಂಡತಿಯೂ ಬಂದಿದ್ದೆವು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ಎಪ್ಪತ್ತು ದಾಟಿದವರು ಮನೆಯಿಂದ ಹೊರಗೆ ಕಾಲಿಡಬಾರದು ಎಂದು ಸರ್ಕಾರ ಹೇಳಿತು. ನನಗೆ ಎಪ್ಪತ್ತೊಂದು. ಹೆಂಡತಿಗೆ ಅರವತ್ತಾರು, ಅವಳು ಅಂಗಡಿಗೆ ಹೋಗಿಬರಬಹುದಿತ್ತು. ಮಗಳು ಕೊರೊನಾ ವಾರ್ಡಿನ ಡ್ಯೂಟಿ ಶುರುವಾದ ದಿನವೇ ಬಟ್ಟೆ ತುಂಬಿಕೊಂಡು ಆಸ್ಪತ್ರೆಯವರು ಕೊಟ್ಟ ರೂಮಿಗೆ ಹೋದಳು. ಹೋಗುವಾಗ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಒಂದನ್ನು ಮೇಜಿನ ಮೇಲಿಟ್ಟು, ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದಳು: 'ತೊಂಬತ್ತನಾಲ್ಕಕ್ಕಿಂತ ಕಮ್ಮಿ ಬಂದ್ರೆ ತಕ್ಷಣ ಫೋನ್ ಮಾಡಿ.'

ಕಿಟಕಿಯ ಹೊರಗೆ ಕಾಲುವೆಯ ನೀರು, ಆಚೆಗೆ ಕಂಪನಿಗಳ ಗಾಜಿನ ಕಟ್ಟಡಗಳು. ಎಲ್ಲ ಖಾಲಿ. ಮೂರು ದಿನ ನೋಡಿದೆ, ನಾಲ್ಕನೇ ದಿನ ಟೈಮ್‌ಟೇಬಲ್ ಹಾಕಿದೆ. ಮನೆಯಿಂದ ಹೊರಗೆ ಹೋಗಬಾರದು ಸರಿ. ಮೆಟ್ಟಿಲು ಕಟ್ಟಡದ ಒಳಗೇ ಇದೆಯಲ್ಲ? ಬೆಳಿಗ್ಗೆ ಆರಕ್ಕೆ ಅಲ್ಲಿ ಯಾರೂ ಇರುವುದಿಲ್ಲ. ಕೆಳಗಿನಿಂದ ಆರನೇ ಮಹಡಿಗೆ ಒಮ್ಮೆ ಹತ್ತಿದರೆ ಇಪ್ಪತ್ತು ಮೀಟರ್ ಎಂದು ಹಿಡಿದೆ. ದಿನಕ್ಕೆ ಐದು ಸಲ, ನೂರು ಮೀಟರ್. ನೇಪಾಳದ ಲುಕ್ಲಾದಿಂದ ಎವರೆಸ್ಟ್ ಬೇಸ್ ಕ್ಯಾಂಪಿಗೆ ಸುಮಾರು ಎರಡೂವರೆ ಸಾವಿರ ಮೀಟರ್ ಏರು. ಇಪ್ಪತ್ತೈದು ದಿನ ಸಾಕು.

ಬೇಸ್ ಕ್ಯಾಂಪ್ ಯಾಕೆಂದರೆ, ಅದು ನನಗೆ ತಪ್ಪಿಹೋದ ಜಾಗ.

ಅದಕ್ಕೆ ನಾಲ್ಕು ವರ್ಷ ಮೊದಲು ನಾವಿಬ್ಬರೂ ನೇಪಾಳಕ್ಕೆ ಹೋಗಿದ್ದೆವು. ಲುಕ್ಲಾದಿಂದ ನಡಿಗೆ. ನಾಮ್ಚೆಯ ಕುದುರೆಲಾಳದಂಥ ಬೆಟ್ಟದ ಮಡಿಲಲ್ಲಿ ಮೆಟ್ಟಿಲುಮೆಟ್ಟಿಲಾಗಿ ನಿಂತ ಮನೆಗಳು, ಡಿಂಗ್‌ಬೊಚೆಯಲ್ಲಿ ಕಲ್ಲಿನ ಗೋಡೆ ಕಟ್ಟಿ ಗಾಳಿಯಿಂದ ಕಾಪಾಡಿದ ಆಲೂಗೆಡ್ಡೆ ಹೊಲಗಳು, ಬಿಸಿಲಿಗೆ ಗೋಡೆಯ ಮೇಲೆ ತಟ್ಟಿದ ಯಾಕ್ ಸಗಣಿಯ ಬೆರಣಿ. ಅದನ್ನು ನೋಡಿ ನನ್ನ ಹೆಂಡತಿ, "ಇದೊಂದು ನಮ್ಮೂರ ಥರಾನೇ ಐತೆ ನೋಡ್ರೀ" ಎಂದಿದ್ದಳು. ಮಂತ್ರ ಕೆತ್ತಿದ ಕಲ್ಲುಗಳ ಉದ್ದನೆಯ ಗೋಡೆಗಳು ದಾರಿಯ ನಡುವೆ ಬರುತ್ತಿದ್ದವು. ಅವು ಯಾವಾಗಲೂ ನಮ್ಮ ಬಲಕ್ಕೇ ಇರಬೇಕು, ಪ್ರದಕ್ಷಿಣೆಯ ಹಾಗೆ. ನಮ್ಮ ಗೈಡ್, ನಲವತ್ತರ ಶೆರ್ಪಾ, ಇದರಲ್ಲಿ ಬಲು ಕಟ್ಟುನಿಟ್ಟು. ನನಗೆ ಆ ಮನುಷ್ಯ ತಕ್ಷಣ ಹಿಡಿಸಿದ.

ಇನ್ನೊಂದರಲ್ಲೂ ಅವನು ಕಟ್ಟುನಿಟ್ಟು. ದಿನವೂ ಸಂಜೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡುತ್ತಿದ್ದ. ಮೊದಲ ದಿನವೇ ಹಿಂದಿಯಲ್ಲಿ ಹೇಳಿದ್ದ: ಎತ್ತರದಲ್ಲಿ ತಲೆ ಕೆಟ್ಟವನಿಗೆ ತನ್ನ ತಲೆ ಕೆಟ್ಟಿದೆ ಅಂತ ಗೊತ್ತಾಗುವುದಿಲ್ಲ, ಅದಕ್ಕೇ ಅಲ್ಲಿ ಪಕ್ಕದವರ ಮಾತೇ ಮಾತು, ಇಳಿ ಎಂದರೆ ಇಳಿಯಬೇಕು. ನಾವಿಬ್ಬರೂ ಒಪ್ಪಿದ್ದೆವು.

ಸುಮಾರು ಐದು ಸಾವಿರ ಮೀಟರ್ ಎತ್ತರದ ಲೋಬುಚೆ ಎಂಬಲ್ಲಿ ನನಗೆ ಎಂಬತ್ತೊಂದು ಬಂತು. "ಬಹುತ್ ಬಢಿಯಾ" ಎಂದ. ಎಪ್ಪತ್ತೈದಕ್ಕಿಂತ ಕೆಳಗಾದರೆ ಮಾತ್ರ ಚಿಂತಿಸಬೇಕಂತೆ. ಹೆಂಡತಿಗೆ ಎಪ್ಪತ್ತೆರಡು. ಮರುದಿನ ಬೆಳಿಗ್ಗೆ ಅವಳು ಬೂಟುಗಳನ್ನು ಅದಲುಬದಲು ಹಾಕಿಕೊಂಡು ಕೂತಿದ್ದಳು. ಗೈಡ್ ಅಂಗಳದಲ್ಲಿ ಹಗ್ಗವೊಂದನ್ನು ನೆಟ್ಟಗೆ ಹಾಸಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಯಲು ಹೇಳಿದ. ನಾಲ್ಕನೇ ಹೆಜ್ಜೆಗೆ ಅವಳು ವಾಲಿ ಗೋಡೆ ಹಿಡಿದಳು.

"ನೆಟ್ಟಗೇ ನಡ್ದೆನಲ್ರೀ!" ಎಂದಳು.

ಗೈಡ್ ಕೆಳಗೆ ಕೈ ತೋರಿಸಿದ. ಅವಳು ಅತ್ತಳು, ಬೈದಳು, ನಂಗೇನೂ ಆಗಿಲ್ಲ ಎಂದಳು. ನಾನು ಹುಡುಗರಿಗೆ ಹೇಳುವ ದನಿಯಲ್ಲೇ ಹೇಳಿದೆ: "ಆರ್ಡರ್ ಅಂದ್ರೆ ಆರ್ಡರ್. ಎದ್ದೇಳು. ಎಡ, ಬಲ, ಎಡ, ಬಲ." ಹಾಗೆ ಎಣಿಸುತ್ತಲೇ ಕೆಳಗಿನ ಪೆರಿಚೆ ಹಳ್ಳಿಯವರೆಗೆ ಇಳಿಸಿಕೊಂಡು ಬಂದೆ. ಅಲ್ಲಿ ಲಾಡ್ಜಿನ ಶೆರ್ಪಾ ಹೆಂಗಸು ಅವಳ ಬೂಟು ಬಿಚ್ಚಿ, ಪಾದಗಳನ್ನು ಒಲೆಯ ಹತ್ತಿರ ಎಳೆದು ತಿಕ್ಕಿ, ಬೆಳ್ಳುಳ್ಳಿ ಸೂಪು ಕುಡಿಸಿದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಂಡತಿ ತಲೆಯೆತ್ತಿ, "ನಾವ್ಯಾಕೆ ಇಳಿದ್ವಿ?" ಎಂದು ಕೇಳಿದಳು.

ಬೇಸ್ ಕ್ಯಾಂಪ್ ಒಂದೇ ದಿನದ ದಾರಿ ಇತ್ತು. ಆ ಪುಟದಲ್ಲಿ ನಾನು ಬರೆದದ್ದು: 'ಬೇಸ್ ಕ್ಯಾಂಪ್ ತಪ್ಪಿತು. ಕಾರಣ: ಹೆಂಡತಿಯ ಸುಸ್ತು.' ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಅದನ್ನೇ ನಗುತ್ತ ಹೇಳಿದೆ. ಅವಳು ಕಾಫಿ ಲೋಟ ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಈಗ ಡಬ್ಲಿನ್. ಮೆಟ್ಟಿಲ ಪ್ರತಿ ತಿರುವಿನಲ್ಲೂ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿತ್ತು. ಅದನ್ನೇ ಮಂತ್ರದ ಗೋಡೆ ಎಂದಿಟ್ಟುಕೊಂಡೆ. ಹತ್ತುವಾಗಲೂ ಇಳಿಯುವಾಗಲೂ ಅದು ಬಲಕ್ಕೇ ಬರುವಂತೆ ಮೈ ತಿರುಗಿಸಿ ದಾಟುತ್ತಿದ್ದೆ. ಹೆಂಡತಿ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, "ಯಾರಾದ್ರೂ ನೋಡಿದ್ರೆ ಗಾರ್ಡಾನ ಕರೀತಾರೆ" ಎಂದಳು. ಗಾರ್ಡಾ ಎಂದರೆ ಅಲ್ಲಿನ ಪೊಲೀಸರು.

ಇಪ್ಪತ್ತೊಂದನೇ ದಿನ ಲೋಬುಚೆ ತಲುಪಿದೆ. ಡೈರಿಯಲ್ಲಿ ದಪ್ಪಕ್ಷರದಲ್ಲಿದೆ. ಅವತ್ತೇ ಮೈ ಬಿಸಿಯಾಯಿತು. ರೇಲಿಂಗ್ ಮುಟ್ಟಿದ್ದರಿಂದಲೋ, ದಿನಸಿ ಚೀಲದಿಂದಲೋ, ಇನ್ನು ಹೇಗೋ, ಇವತ್ತಿಗೂ ತಿಳಿಯದು. ಹೆಂಡತಿಗೆ ಎರಡು ದಿನ ಗಂಟಲು ಕೆರೆತವಿತ್ತು, ಹೋಯಿತು. ಲೋಬುಚೆಯಲ್ಲಿ ಎರಡು ದಿನ ವಿಶ್ರಾಂತಿ ಎಂದು ಬರೆದು ನಾನು ಮಲಗಿದೆ.

ಕ್ರಮ ತಪ್ಪಿದ್ದು ಬಹುಶಃ ಇಲ್ಲೇ. ಬೆಳಿಗ್ಗೆ ಸಂಜೆ ಆಕ್ಸಿಮೀಟರ್ ನೋಡಿ ಬರೆದಿದ್ದೇನೆ: ತೊಂಬತ್ತೊಂದು, ಎಂಬತ್ತೆಂಟು, ಎಂಬತ್ತಾರು. ಫ್ರಿಜ್ಜಿನ ಮೇಲಿನ ಚೀಟಿ ಕಣ್ಣೆದುರಿಗೇ ಇತ್ತು. ಆದರೆ ಅದು ಹೊಸಬರಿಗೆ, ಇಪ್ಪತ್ತೊಂದು ದಿನ ಹತ್ತಿ ಒಗ್ಗಿಕೊಂಡವನಿಗಲ್ಲ ಎಂದು ನನಗೆ ಅಷ್ಟೇ ಸ್ಪಷ್ಟವಾಗಿತ್ತು. ಗೈಡ್ ಹೇಳಿದ್ದು ಎಪ್ಪತ್ತೈದು. ನಾನಿರುವ ಎತ್ತರಕ್ಕೆ ಎಂಬತ್ತಾರು ಬಹಳ ಒಳ್ಳೆಯದು. ನಾನಿದ್ದದ್ದು ಸಮುದ್ರದ ಮಟ್ಟದಲ್ಲಿ. ಕಿಟಕಿ ತೆರೆದರೆ ಉಪ್ಪುನೀರಿನ ವಾಸನೆ ಬರುತ್ತಿತ್ತು.

ಮಗಳು ದಿನವೂ ಫೋನ್ ಮಾಡುತ್ತಿದ್ದಳು. "ಅಪ್ಪಾ, ಆಕ್ಸಿಮೀಟರ್ ಎಷ್ಟಿದೆ?"

"ಲಿಮಿಟ್ ಒಳಗೇ ಇದೆ, ಪುಟ್ಟಿ."

"ಉಸಿರಾಡೋಕೆ ಕಷ್ಟ ಆಗ್ತಿದ್ಯಾ?"

"ಇಲ್ಲಮ್ಮ. ಗ್ರ್ಯಾಂಡ್ ಆಗಿದೀನಿ." ಚೆನ್ನಾಗಿದ್ದೇನೆ ಎನ್ನಲು ಆ ಊರಿನವರು ಬಳಸುವ ಮಾತು ನನಗೂ ಹತ್ತಿತ್ತು.

ಸುಳ್ಳು ಹೇಳಲಿಲ್ಲ. ಉಸಿರಿಗೆ ನಿಜವಾಗಿಯೂ ಕಷ್ಟವಿರಲಿಲ್ಲ. ಮೈ ಹಗುರವಾಗಿತ್ತು, ಮನಸ್ಸಿಗೆ ಒಂದು ಬಗೆಯ ಗೆಲುವಿತ್ತು.

ಮೂರನೇ ಬೆಳಿಗ್ಗೆ ಆರಕ್ಕೆ ಎದ್ದು ಬೂಟು ಹಾಕಿಕೊಂಡು ಅಡುಗೆಮನೆಗೆ ಬಂದೆ. ಹೆಂಡತಿ ಹಾಲು ಕಾಯಿಸುತ್ತಿದ್ದಳು.

"ಗೈಡ್ ಎದ್ದಿದಾನೇನೆ?" ಎಂದು ಕೇಳಿದೆನಂತೆ.

ತಮಾಷೆ ಎಂದುಕೊಂಡು, "ಎದ್ದಿದಾನೆ, ಯಾಕ್‌ಗೆ ಹುಲ್ಲು ಹಾಕೋಕೆ ಹೋಗಿದಾನೆ" ಎಂದಳಂತೆ. ನಾನು ತಲೆಯಾಡಿಸಿ, ಹಾಗಾದರೆ ಹಿಂಡು ಮೊದಲು ಹೋಗಲಿ ಎಂದು ಹೊರಗೆ ಹೋಗಿ ಲಿಫ್ಟಿನ ಪಕ್ಕ ಗೋಡೆಗೆ ಒರಗಿ ನಿಂತೆನಂತೆ. ಅಲ್ಲೇ ನಿಂತು ಡೈರಿಯನ್ನೂ ಬರೆದೆ. ಅವಳು ಹಿಂದೆಯೇ ಬಂದು ನನ್ನ ಕಾಲು ನೋಡಿದಳು. ಬಲಗಾಲಿನ ಬೂಟು ಎಡಗಾಲಲ್ಲಿತ್ತು.

ಇಲ್ಲಿಂದ ಮುಂದೆ ನನಗೆ ನೆನಪಿರುವುದೂ ಅವಳು ಹೇಳುವುದೂ ಹೊಂದುವುದಿಲ್ಲ. ಎರಡನ್ನೂ ಬರೆಯುತ್ತೇನೆ.

ಅವಳು ನನ್ನನ್ನು ಒಳಗೆ ಕರೆತಂದು ಬೂಟು ಬಿಚ್ಚಿಸಿ, ಅಡುಗೆಮನೆಯ ಟೈಲ್ಸ್ ನಡುವಿನ ಗೆರೆ ತೋರಿಸಿ, "ನಡೀರಿ ಇದರ ಮೇಲೆ. ಹತ್ತು ಹೆಜ್ಜೆ" ಎಂದಳು.

"ನಂಗೇ ಟೆಸ್ಟಾ? ಸಾವಿರಾರು ಹುಡುಗ್ರನ್ನ ಸುಣ್ಣದ ಗೆರೆ ಮೇಲೆ ಓಡಿಸಿರೋನು ಕಣೇ ನಾನು."

"ಗೊತ್ತು. ನಡೀರಿ."

ನನ್ನ ನೆನಪಿನಲ್ಲಿ ನಾನು ಹತ್ತೂ ಹೆಜ್ಜೆ ನಡೆದೆ. ಪಾದದಡಿ ಟೈಲ್ಸ್ ತಣ್ಣಗಿತ್ತು. ಗೆರೆ ಬಾಣದಂತೆ ನೆಟ್ಟಗಿತ್ತು, ನಾನೂ ನೆಟ್ಟಗಿದ್ದೆ. ಕೊನೆಯಲ್ಲಿ ತಿರುಗಿ ಅಟೆನ್ಷನ್ನಿನಲ್ಲಿ ನಿಂತೆ.

ಅವಳು ಹೇಳುವುದು: ಮೂರನೇ ಹೆಜ್ಜೆಗೆ ಫ್ರಿಜ್ಜಿನ ಬಾಗಿಲು ಹಿಡಿದು ನೇತಾಡಿದೆ. ಮಗಳ ಚೀಟಿ ನನ್ನ ಕೈಗೆ ಅಂಟಿ ಕಿತ್ತುಬಂತು.

ಅವಳು ನನ್ನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಮಗಳಿಗೆ ವಿಡಿಯೋ ಕಾಲ್ ಮಾಡಿದಳು.

"ಎಂಬತ್ಮೂರು ತೋರಿಸ್ತಾ ಇದೆ ಕಣೆ."

"ಅಮ್ಮಾ, ಅಪ್ಪನ ಕಡೆ ಫೋನ್ ತಿರುಗಿಸು." ಮಗಳ ಮುಖ ಬಂತು. "ಅಪ್ಪಾ, ಇವತ್ತು ಯಾವ ವಾರ?"

"ನಾಳೆ ಬೇಸ್ ಕ್ಯಾಂಪ್. ಟೈಮ್‌ಟೇಬಲ್ ನೋಡ್ಕೋ."

"ಅಮ್ಮಾ, ಆಂಬುಲೆನ್ಸ್‌ಗೆ ನಾನೇ ಹೇಳ್ತೀನಿ. ಅವ್ರನ್ನ ಮಲಗೋಕೆ ಬಿಡ್ಬೇಡ, ಕೂರಿಸು."

ನಾನು ಒಪ್ಪಲಿಲ್ಲ. ಒಂದೇ ದಿನದ ದಾರಿ, ಮತ್ತೆ ತಪ್ಪಿಸುತ್ತೀಯಾ, ಅವತ್ತೂ ನೀನೇ ತಪ್ಪಿಸಿದ್ದು ಎಂದೆನಂತೆ. ಇದು ನನಗೂ ಮಸುಕಾಗಿ ನೆನಪಿದೆ, ನೆನಪಿರದಿದ್ದರೆ ಚೆನ್ನಾಗಿತ್ತು. ಅವಳು ಹೋಗಿ ಬಾಗಿಲು ತೆರೆದಿಟ್ಟಳು. ಬಿಳಿ ಗೌನು, ಮುಖವಾಡ, ಕನ್ನಡಕ ತೊಟ್ಟ ಇಬ್ಬರು ಬಾಗಿಲಿಗೆ ಬಂದರು. ಶಿಖರದಿಂದ ಇಳಿದು ಬಂದವರು ಎಂದುಕೊಂಡು ನಾನು ಕೈಮುಗಿದೆ. ಅವರು ಆಮ್ಲಜನಕದ ಮಾಸ್ಕ್ ಹಾಕಿ ಕುರ್ಚಿಯಲ್ಲಿ ಕೂರಲು ಹೇಳಿದರು. ಇಳಿಯುವುದಾದರೆ ಮೆಟ್ಟಿಲಲ್ಲೇ, ನಡೆದೇ ಇಳಿಯಬೇಕು ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಆಗ ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಚೌಕಟ್ಟಿನಿಂದ ಬಿಡಿಸಿದಳು.

"ಪಕ್ಕದವರ ಮಾತೇ ಮಾತು ಅಂತ ಒಪ್ಕೊಂಡಿದ್ರಿ. ನಾನು ಅವತ್ತು ಇಳೀಲಿಲ್ವಾ? ಲಿಫ್ಟಲ್ಲಿ ಇಳಿದ್ರೂ ಇಳಿದ ಹಾಗೇ. ಆರ್ಡರ್ ಅಂದ್ರೆ ಆರ್ಡರ್."

ಗೈಡನ ಹೆಸರಿನಲ್ಲಿ ಬಂದ ಆಜ್ಞೆ ಎಂದುಕೊಂಡೆನೋ, ಅವಳ ದನಿಗೆ ಹೆದರಿದೆನೋ ತಿಳಿಯದು. ಕೈ ಬಿಟ್ಟೆ. ಲಿಫ್ಟಿನವರೆಗೆ ಐದಾರು ಹೆಜ್ಜೆ ಅವಳೇ ಹಿಡಿದು ನಡೆಸಿದಳು. "ಎಡ, ಬಲ, ಎಡ, ಬಲ." ಕೆಂಪು ಸಿಲಿಂಡರ್ ಎಡಕ್ಕೆ ಬಂತು. ಅದೊಂದು ಮನಸ್ಸಿಗೆ ಬಹಳ ಕಸಿವಿಸಿಯಾದದ್ದು ಚೆನ್ನಾಗಿ ನೆನಪಿದೆ.

ಆಸ್ಪತ್ರೆಯ ಮೊದಲ ದಿನಗಳು ಪೂರಾ ಕಲಸಿಹೋಗಿವೆ. ಮುಖವಾಡದೊಳಗಿಂದ ಒಬ್ಬರು, "ಸರ್, ಸ್ವಲ್ಪ ಬೋರಲು ಮಲಗ್ತೀರಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ಗೈಡ್ ಕನ್ನಡ ಯಾವಾಗ ಕಲಿತ ಎಂದು ನಾನು ಒಂದಿಡೀ ದಿನ ಯೋಚಿಸಿದೆ. ಆಮೇಲೆ ತಿಳಿಯಿತು, ಅವರು ದಾವಣಗೆರೆಯಲ್ಲಿ ಓದಿದ ಡಾಕ್ಟರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಅವರೇ ಹೇಳಿದರು. ಹದಿನೈದನೇ ದಿನ ಮನೆಗೆ ಕಳುಹಿಸಿದರು.

ಮನೆಯಲ್ಲಿ ಹೆಂಡತಿ ಬೆಳ್ಳುಳ್ಳಿ ಸಾರು ಮಾಡಿದ್ದಳು. ನಾನು ಡೈರಿ ತೆಗೆದು ಓದಿದೆ. ಯಾಕ್ ಹಿಂಡು. ಎಂಬತ್ತಾರರ ಪಕ್ಕದಲ್ಲಿ ನಾನೇ ಹಾಕಿಕೊಂಡ ಸರಿ ಗುರುತು. ಕೊನೆಯ ಪುಟದಲ್ಲಿ ನೆಟ್ಟಗಿದೆ ಎಂದು ನಾನು ನಂಬಿದ ಗೆರೆ ಎಡ ಅಂಚಿನಿಂದ ಹೊರಟು ಕೆಳಗೆ ಜಾರಿ ಪುಟದಾಚೆ ಹೋಗಿತ್ತು.

"ನಾನು ಹತ್ತು ಹೆಜ್ಜೆ ನಡೆದದ್ದು ನಿಜ ಕಣೇ" ಎಂದೆ.

"ಮೂರು."

"ನಂಗೆ ಹತ್ತೂ ನೆನಪಿದೆ."

"ಇರ್ಬೋದು. ನಂಗೂ ಲೋಬುಚೇಲಿ ನೆಟ್ಟಗೆ ನಡೆದದ್ದೇ ನೆನಪಿರೋದು."

"ಈಗ್ಲೂ?"

"ಈಗ್ಲೂ. ನೀವಿಬ್ರೂ ಸೇರಿ ಸುಳ್ಳು ಹೇಳಿದ್ರಿ ಅಂತಾನೇ ಒಂದೊಂದ್ಸಲ ಅನ್ಸುತ್ತೆ. ಆದ್ರೂ ಇಳಿದೆ ನೋಡಿ." ಸಾರಿನ ಬಟ್ಟಲನ್ನು ನನ್ನ ಕಡೆ ತಳ್ಳಿದಳು. "ಬಿಸಿ ಇದ್ದಾಗಲೇ ಕುಡೀರಿ."

ಕುಡಿದು ಮುಗಿಸಿದ ಮೇಲೆ ಹಳೆಯ ಡೈರಿಯನ್ನೂ ಕೊಡು ಎಂದೆ. ನೇಪಾಳದ್ದು, ಪೆಟ್ಟಿಗೆಯಲ್ಲಿ ಜೊತೆಗೇ ತಂದಿದ್ದೆ. 'ಹೆಂಡತಿಯ ಸುಸ್ತು' ಎಂಬುದನ್ನು ಸ್ಕೇಲಿಟ್ಟು ಹೊಡೆದುಹಾಕಿದೆ. ಅಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಅವಳನ್ನೇ ಕೇಳಿದೆ.

"ಕಾರಣ ಯಾಕೆ? ಇಳಿದ್ವಿ ಅಂತ ಬರೀರಿ, ಸಾಕು."

ಹಾಗೇ ಬರೆದು, ಸಮಯ ಹಾಕಿ, ಕೆಳಗೆ ಗೆರೆ ಎಳೆದೆ.